ಆ್ಯಕ್ಷನ್ ಕ್ಯಾಮೆರಾ: ಬ್ಯಾಟರಿಯ ಬಾಳಿಕೆ ಮತ್ತು ತೆರೆಯದ ಫೈಲುಗಳು

ಆ್ಯಕ್ಷನ್ ಕ್ಯಾಮೆರಾ ಎಂದು ಕರೆಯಲ್ಪಡುವ ಅಂಗೈಯಷ್ಟು ಚಿಕ್ಕ ವಿಡಿಯೋ ಕ್ಯಾಮೆರಾ ಇಂದು ಸಾಹಸಪ್ರಿಯರಿಗಷ್ಟೇ ಮೀಸಲಾದ ವಸ್ತುವಾಗಿ ಉಳಿದಿಲ್ಲ. ಅಮೆರಿಕದ ನಿಕ್ ವುಡ್‌ಮನ್ 2002ರಲ್ಲಿ ಗೋಪ್ರೊ ಸಂಸ್ಥೆಯನ್ನು ಸ್ಥಾಪಿಸಿ 2004ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಕ್ಯಾಮೆರಾ 35 ಮಿಲಿಮೀಟರ್ ಫಿಲ್ಮ್ ರೀಲು ಬಳಸುವ ಸಾಧನವಾಗಿತ್ತು. ಈಗ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗಾಗಿ ಪ್ರವಾಸಿಗರನ್ನು ಕರೆದೊಯ್ಯುವವರು, ದಾಂಡೇಲಿಯ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ನಡೆಸುವವರು, ಮದುವೆ ಸಮಾರಂಭಗಳ ವಿಡಿಯೋಗ್ರಾಫರುಗಳು, ಯಂತ್ರದ ಕೆಲಸವನ್ನು ಚಿತ್ರೀಕರಿಸಿ ದೂರದ ಗಿರಾಕಿಗಳಿಗೆ ಕಳುಹಿಸುವ ಸಣ್ಣ ಕಾರ್ಖಾನೆಗಳವರು ಇದರ ಬಳಕೆದಾರರಾಗಿದ್ದಾರೆ. ಸಮುದ್ರದಡಿ ಚಿತ್ರಿಸಿದ ಹತ್ತು ನಿಮಿಷದ ವಿಡಿಯೋ ಹಾಳಾದರೆ ಪ್ರವಾಸಿಯನ್ನು ಮತ್ತೆ ನೀರಿಗಿಳಿಸಲಾಗದು. ತಾಳಿ ಕಟ್ಟುವ ದೃಶ್ಯವನ್ನು ಮತ್ತೊಮ್ಮೆ ಆಡಿಸಲಾಗದು.

ಈ ಕ್ಯಾಮೆರಾಗಳ ಬಗೆಗೆ ಅಂಗಡಿಗೆ ಬರುವ ದೂರುಗಳು ಹೆಚ್ಚಾಗಿ ಎರಡೇ ಬಗೆಯವು: ಬ್ಯಾಟರಿ ಬೇಗ ಮುಗಿಯುತ್ತದೆ ಎಂಬುದೊಂದು, ಫೈಲು ತೆರೆಯುವುದಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ದೋಷಗಳೆಂದು ಗ್ರಾಹಕರೂ ವರ್ತಕರೂ ಭಾವಿಸುವುದುಂಟು. ವಾಸ್ತವವಾಗಿ ಎರಡನೆಯದು ಅನೇಕ ವೇಳೆ ಮೊದಲನೆಯದರ ಫಲವೇ ಆಗಿರುತ್ತದೆ. ದೋಷವಿರುವುದೂ ಕ್ಯಾಮೆರಾದಲ್ಲಿ ಅಲ್ಲ, ಅದರೊಂದಿಗೆ ಅಗ್ಗದ ದರಕ್ಕೆ ಮಾರಿದ ಬ್ಯಾಟರಿ ಅಥವಾ ಮೆಮೊರಿ ಕಾರ್ಡಿನಲ್ಲಿ ಎಂಬ ಸಂದರ್ಭಗಳು ಕಡಿಮೆಯೇನಲ್ಲ.

ಬ್ಯಾಟರಿಯ ಲೆಕ್ಕ

ಗೋಪ್ರೊ ಹೀರೊ 9ರಿಂದ ಹೀರೊ 12ರವರೆಗಿನ ಮಾದರಿಗಳ ಬ್ಯಾಟರಿಯ ಸಾಮರ್ಥ್ಯ 1720 ಮಿಲಿಆಂಪಿಯರ್-ಗಂಟೆ, ವೋಲ್ಟೇಜು 3.85. ಇವೆರಡನ್ನು ಗುಣಿಸಿದರೆ ಸುಮಾರು 6.6 ವ್ಯಾಟ್-ಗಂಟೆಯ ಶಕ್ತಿ ದೊರೆಯುತ್ತದೆ. 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸುವಾಗ ಕ್ಯಾಮೆರಾ ನಾಲ್ಕೂವರೆ ವ್ಯಾಟ್ ಸೆಳೆಯುತ್ತದೆಂದು ಇಟ್ಟುಕೊಂಡರೆ ಈ ಶಕ್ತಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಹೊಸ ಬ್ಯಾಟರಿಯ ಸ್ಥಿತಿಯೇ ಇದು. ‘ದಿನವಿಡೀ ನಡೆಯುತ್ತದೆ’ ಎಂದು ಹೇಳಿ ಮಾರುವ ಅಂಗಡಿಯವರು ಮರುದಿನದ ಜಗಳವನ್ನೂ ಜೊತೆಗೇ ಮಾರಿರುತ್ತಾರೆ.

ಸೆಕೆಂಡಿಗೆ 30 ಚಿತ್ರಗಳ ಬದಲು 60 ಅಥವಾ 120 ಚಿತ್ರಗಳನ್ನು ಸೆರೆಹಿಡಿದರೆ ಶಕ್ತಿಯ ವ್ಯಯ ಹೆಚ್ಚುತ್ತದೆ. ಪರದೆ, ವೈಫೈ, ಜಿಪಿಎಸ್, ಕುಲುಕಾಟವನ್ನು ತಡೆಯುವ ವ್ಯವಸ್ಥೆ ಇವೆಲ್ಲವೂ ತಮ್ಮ ಪಾಲನ್ನು ಕೇಳುತ್ತವೆ. ಕೆಲವು ಮಾದರಿಗಳಲ್ಲಿ ಕ್ಯಾಮೆರಾವನ್ನು ಆರಿಸಿದ ಮೇಲೂ ಮೊಬೈಲ್ ಸಂಪರ್ಕಕ್ಕಾಗಿ ನಿಸ್ತಂತು ಘಟಕ ಎಚ್ಚರವಾಗಿಯೇ ಉಳಿಯುತ್ತದೆ. ರಾತ್ರಿ ಪೂರ್ತಿ ಚಾರ್ಜು ಮಾಡಿಟ್ಟದ್ದು ಎರಡು ದಿನದ ನಂತರ ಅರ್ಧಕ್ಕೆ ಇಳಿದಿರಲು ಇದೂ ಒಂದು ಕಾರಣ. ಮೆನುವಿನಲ್ಲಿ ಆ ಸಂಪರ್ಕವನ್ನು ನಿಲ್ಲಿಸಿದರೆ, ಇಲ್ಲವೇ ಬ್ಯಾಟರಿಯನ್ನು ಹೊರತೆಗೆದಿಟ್ಟರೆ ದೂರು ಅಲ್ಲಿಗೇ ಮುಗಿಯುತ್ತದೆ.

ಬಿಸಿಯಿಂದ ಕ್ಯಾಮೆರಾ ತಾನಾಗಿ ನಿಲ್ಲುವುದನ್ನು ಬ್ಯಾಟರಿಯ ದೋಷವೆಂದು ತಿಳಿಯುವವರೂ ಇದ್ದಾರೆ. ಬೈಕ್ ಸವಾರನ ಹೆಲ್ಮೆಟ್ಟಿನ ಮೇಲೆ ಗಾಳಿಗೆ ಒಡ್ಡಿಕೊಂಡ ಕ್ಯಾಮೆರಾ ತಣ್ಣಗಿರುತ್ತದೆ. ಕಾರ್ಖಾನೆಯೊಳಗೆ ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತದ್ದು ಅರ್ಧ ಗಂಟೆಯಲ್ಲೇ ಕಾದುಹೋಗಬಹುದು. ಅಂಥಲ್ಲಿ ಎರಡನೆಯ ಬ್ಯಾಟರಿ ಪ್ರಯೋಜನಕ್ಕೆ ಬಾರದು. ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಬೇಕು, ಇಲ್ಲವೇ ಎದುರಿಗೊಂದು ಸಣ್ಣ ಫ್ಯಾನು ಇಡಬೇಕು.

ಹೀರೊ 5ರಿಂದ 8ರವರೆಗಿನ ಬ್ಯಾಟರಿ 1220 ಮಿಲಿಆಂಪಿಯರ್-ಗಂಟೆಯದು. 2024ರಲ್ಲಿ ಬಂದ ಹೀರೊ 13ರದು 1900. ಈ ಮೂರು ಗುಂಪುಗಳ ಬ್ಯಾಟರಿಗಳು ಒಂದರ ಬದಲು ಇನ್ನೊಂದು ಕೂರುವಂಥವಲ್ಲ ಎಂಬುದು ದಾಸ್ತಾನು ಮಾಡುವವರ ಗಮನದಲ್ಲಿರಬೇಕು. ಅಷ್ಟೇ ಗಾತ್ರದ, ಅರ್ಧ ಬೆಲೆಯ ಬ್ಯಾಟರಿಯ ಮೇಲೆ ಮೂಲ ತಯಾರಕರು ಮುದ್ರಿಸಿದ್ದಕ್ಕಿಂತ ಬಹಳ ದೊಡ್ಡ ಅಂಕಿ ಕಂಡರೆ ಸಂಶಯಪಡುವುದೇ ವ್ಯಾಪಾರದ ಜಾಣತನ. ಇಂಥ ಬ್ಯಾಟರಿ ಶೇಕಡಾ 30 ತೋರಿಸುತ್ತಿರುವಾಗಲೇ ಒಮ್ಮೆಲೇ ಕೈಕೊಡಬಹುದು. ಫೈಲಿನ ಕಥೆ ಆರಂಭವಾಗುವುದು ಅಲ್ಲಿಂದಲೇ.

ಫೈಲು ಏಕೆ ತೆರೆಯುವುದಿಲ್ಲ?

ಎಂಪಿ4 ಎಂಬ ವಿಡಿಯೋ ಫೈಲನ್ನು ಲೆಕ್ಕದ ಪುಸ್ತಕಕ್ಕೆ ಹೋಲಿಸಬಹುದು. ದಿನದ ವಹಿವಾಟೆಲ್ಲ ಪುಟಪುಟವಾಗಿ ಬರೆಯಲ್ಪಡುತ್ತದೆ. ಯಾವ ಚಿತ್ರ ಎಲ್ಲಿದೆ, ಯಾವ ಧ್ವನಿ ಯಾವ ಚಿತ್ರಕ್ಕೆ ಸೇರಿದ್ದು ಎಂಬುದನ್ನು ತಿಳಿಸುವ ಸೂಚಿ ಮಾತ್ರ ಚಿತ್ರೀಕರಣವನ್ನು ನಿಲ್ಲಿಸಿದಾಗ ಕೊನೆಯಲ್ಲಿ ಬರೆಯಲ್ಪಡುತ್ತದೆ. ತಂತ್ರಜ್ಞರು ಈ ಸೂಚಿಯನ್ನು ‘ಮೂವ್’ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಸೂಚಿ ಬರೆಯುವ ಮೊದಲೇ ಬ್ಯಾಟರಿ ಸತ್ತರೆ, ಅಥವಾ ಅವಸರದಲ್ಲಿ ಯಾರಾದರೂ ಅದನ್ನು ಕಿತ್ತರೆ, ಕಾರ್ಡಿನಲ್ಲಿ ಚಿತ್ರವೆಲ್ಲ ಇದ್ದೂ ಕಂಪ್ಯೂಟರಿಗೆ ಅದು ಅರ್ಥವಾಗುವುದಿಲ್ಲ. ಫೈಲಿನ ಗಾತ್ರ ಸರಿಯಾಗಿಯೇ ಕಾಣಿಸಬಹುದು, ಆದರೆ ತೆರೆಯುವುದಿಲ್ಲ.

ಇಂಥ ಸಂದರ್ಭದಲ್ಲಿ ಆ ಕಾರ್ಡಿನ ಮೇಲೆ ಹೊಸದಾಗಿ ಏನನ್ನೂ ಚಿತ್ರೀಕರಿಸಬಾರದು, ಫಾರ್ಮ್ಯಾಟ್ ಮಾಡಲಂತೂ ಬಾರದು. ಪೂರ್ತಿ ಚಾರ್ಜಾದ ಬ್ಯಾಟರಿ ಹಾಕಿ ಅದೇ ಕಾರ್ಡನ್ನು ಅದೇ ಕ್ಯಾಮೆರಾದಲ್ಲಿಟ್ಟು ಚಾಲೂ ಮಾಡಿದರೆ ಅನೇಕ ಮಾದರಿಗಳು ಅಪೂರ್ಣ ಫೈಲನ್ನು ತಾವೇ ಗುರುತಿಸಿ ದುರಸ್ತಿಗೆ ಯತ್ನಿಸುತ್ತವೆ. ಅದು ಫಲಿಸದಿದ್ದರೆ ದುರಸ್ತಿ ತಂತ್ರಾಂಶಗಳಿವೆ. ಅವುಗಳಿಗೆ ಅದೇ ಕ್ಯಾಮೆರಾದಲ್ಲಿ ಅದೇ ಗುಣಮಟ್ಟದಲ್ಲಿ ತೆಗೆದ ಒಂದು ಸರಿಯಾದ ಫೈಲನ್ನು ಮಾದರಿಯಾಗಿ ಒದಗಿಸಬೇಕಾಗುತ್ತದೆ. ಆ ಮಾದರಿ ಫೈಲನ್ನು ಬೇರೆ ಕಾರ್ಡಿನಲ್ಲಿ ಚಿತ್ರೀಕರಿಸಬೇಕೆಂಬುದನ್ನು ಮರೆಯಬಾರದು.

ಒಂದು ಗಂಟೆಯ ವಿಡಿಯೋ ಹಲವು ತುಂಡುಗಳಾಗಿ ಬಂದಿದೆಯೆಂದು ಕ್ಯಾಮೆರಾ ಹಿಂದಿರುಗಿಸಲು ಬರುವವರೂ ಇದ್ದಾರೆ. ಇದು ದೋಷವಲ್ಲ. 32 ಗಿಗಾಬೈಟ್‌ವರೆಗಿನ ಕಾರ್ಡುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಒಂದು ಫೈಲು 4 ಗಿಗಾಬೈಟ್ ಮೀರುವಂತಿಲ್ಲ. 64 ಗಿಗಾಬೈಟ್ ಮತ್ತು ಮೇಲಿನ ಕಾರ್ಡುಗಳ ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಈ ಮಿತಿಯಿಲ್ಲವಾದರೂ ಕ್ಯಾಮೆರಾಗಳು ತುಂಡರಿಸುವ ಪದ್ಧತಿಯನ್ನು ಬಿಟ್ಟಿಲ್ಲ. ಸೆಕೆಂಡಿಗೆ 60 ಮೆಗಾಬಿಟ್ ದರದಲ್ಲಿ ಸುಮಾರು ಒಂಬತ್ತು ನಿಮಿಷಕ್ಕೆ 4 ಗಿಗಾಬೈಟ್ ತುಂಬುತ್ತದೆ. 100 ಮೆಗಾಬಿಟ್ ದರದಲ್ಲಿ ಐದು ನಿಮಿಷ ದಾಟಿದೊಡನೆ ತುಂಬುತ್ತದೆ. ಪ್ರತಿ ತುಂಡು ಮುಗಿದಾಗ ಅದರ ಸೂಚಿಯೂ ಬರೆಯಲ್ಪಡುವುದರಿಂದ ಬ್ಯಾಟರಿ ನಡುವೆ ಸತ್ತರೂ ಕೊನೆಯ ತುಂಡೊಂದೇ ಅಪಾಯಕ್ಕೀಡಾಗುತ್ತದೆ. ಗ್ರಾಹಕರು ಯಾವುದನ್ನು ದೋಷವೆಂದು ದೂರುತ್ತಾರೋ ಅದೇ ಅವರ ಉಳಿದ ಐವತ್ತು ನಿಮಿಷಗಳನ್ನು ಕಾಪಾಡಿರುತ್ತದೆ!

ತುಂಡುಗಳ ಹೆಸರಿನಲ್ಲಿ ಮಾತ್ರ ಒಂದು ತೊಡಕಿದೆ. ಗೋಪ್ರೊ ಫೈಲುಗಳಲ್ಲಿ ತುಂಡಿನ ಸಂಖ್ಯೆ ಮೊದಲು, ವಿಡಿಯೋ ಸಂಖ್ಯೆ ನಂತರ ಬರುತ್ತದೆ. ‘ಜಿಎಕ್ಸ್010012’ರ ಮುಂದಿನ ತುಂಡು ‘ಜಿಎಕ್ಸ್020012’. ಕಂಪ್ಯೂಟರಿನಲ್ಲಿ ಹೆಸರಿನ ಅನುಕ್ರಮದಲ್ಲಿ ಜೋಡಿಸಿದರೆ ಇವೆರಡರ ನಡುವೆ ಬೇರೆ ವಿಡಿಯೋದ ‘ಜಿಎಕ್ಸ್010013’ ಬಂದು ಕೂರುತ್ತದೆ. ಮಧ್ಯದ ಭಾಗವೇ ಕಳೆದುಹೋಗಿದೆ ಎಂಬ ದೂರಿಗೆ ಇದೂ ಕಾರಣವಾಗುವುದರಿಂದ, ಕೊನೆಯ ನಾಲ್ಕು ಅಂಕಿಗಳನ್ನು ನೋಡಿ ಗುಂಪು ಮಾಡಲು ಮಾರಾಟದ ಹೊತ್ತಿಗೇ ತಿಳಿಸುವುದು ಒಳಿತು.

ಕಾರ್ಡಿನ ಮೋಸ

ಮೆಮೊರಿ ಕಾರ್ಡಿನ ಮೇಲಿನ ‘ವಿ30’ ಗುರುತು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್, ಎಂದರೆ 240 ಮೆಗಾಬಿಟ್, ಬರೆಯುವ ವೇಗವನ್ನು ಸೂಚಿಸುತ್ತದೆ. ಸೆಕೆಂಡಿಗೆ 120 ಮೆಗಾಬಿಟ್ ದರದ ಚಿತ್ರೀಕರಣಕ್ಕೂ ಇದು ಧಾರಾಳ. ಸಮಸ್ಯೆ ಇರುವುದು ಗುರುತು ಸುಳ್ಳಾದಾಗ. ಒಳಗೆ 16 ಗಿಗಾಬೈಟ್ ಇದ್ದು ಹೊರಗೆ 256 ಎಂದು ಮುದ್ರಿಸಿದ ಕಾರ್ಡುಗಳು ಕ್ಯಾಮೆರಾವನ್ನೂ ಕಂಪ್ಯೂಟರನ್ನೂ ಏಮಾರಿಸುತ್ತವೆ. ಮೊದಮೊದಲು ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ನಿಜವಾದ ಸಾಮರ್ಥ್ಯ ತುಂಬಿದ ಮೇಲೆ ಫೈಲಿನ ಹೆಸರುಗಳಷ್ಟೇ ದಾಖಲಾಗಿ ಒಳಗಿನ ಚಿತ್ರ ಇಲ್ಲವಾಗುತ್ತದೆ. ಇಂಥ ನಷ್ಟಕ್ಕೆ ಯಾವ ದುರಸ್ತಿ ತಂತ್ರಾಂಶವೂ ಮದ್ದಲ್ಲ, ಏಕೆಂದರೆ ಬರೆದದ್ದೇ ಉಳಿದಿರುವುದಿಲ್ಲ. ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ ತಾಳೆ ನೋಡುತ್ತದೆ. ಹೊಸ ಸರಬರಾಜುದಾರರಿಂದ ಬಂದ ಪ್ರತಿ ಪೆಟ್ಟಿಗೆಯಿಂದ ಎರಡು ಮೂರು ಕಾರ್ಡುಗಳನ್ನಾದರೂ ಹೀಗೆ ಪರೀಕ್ಷಿಸಲು ಕೆಲವು ಗಂಟೆ ತಗುಲಬಹುದು. ಗ್ರಾಹಕರ ಮದುವೆಯ ವಿಡಿಯೋ ಕಳೆದ ಮೇಲೆ ನಡೆಯುವ ಮಾತುಕತೆಗೆ ಹೋಲಿಸಿದರೆ ಈ ಸಮಯ ಏನೂ ಅಲ್ಲ.

ಮಾರಾಟಗಾರರ ಹೊಣೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರಲ್ಲದೆ ನಿರ್ದಿಷ್ಟ ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆಯಾಗುತ್ತಾರೆ. ಸಾಗಿಸಬಹುದಾದ ಸಾಧನಗಳ ಲಿಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯ. ನೋಂದಣಿ ಸಂಖ್ಯೆಯಿಲ್ಲದ ಸರಕನ್ನು ಕಪಾಟಿನಲ್ಲಿಡುವುದು ಲಾಭಕ್ಕಿಂತ ಹೆಚ್ಚಿನ ಅಪಾಯ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸುವುದಾಗಲಿ, ಕಸದ ಬುಟ್ಟಿಗೆ ಎಸೆಯುವುದಾಗಲಿ ಸಲ್ಲದು. ತ್ಯಾಜ್ಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ.

ಹೊರ ಊರುಗಳಿಗೆ ಬಿಡಿ ಬ್ಯಾಟರಿ ಕಳುಹಿಸುವವರು ಇನ್ನೊಂದು ನಿಯಮವನ್ನೂ ಗಮನಿಸಬೇಕು. ಸಾಧನದಿಂದ ಪ್ರತ್ಯೇಕವಾದ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ಅಂತಾರಾಷ್ಟ್ರೀಯವಾಗಿ ನಿಷೇಧಿಸಲಾಗಿದೆ. ಸರಕು ವಿಮಾನದಲ್ಲಿ ಕಳುಹಿಸುವಾಗ ಅವುಗಳ ಚಾರ್ಜು ಶೇಕಡಾ 30 ಮೀರಿರಬಾರದು. ಆದುದರಿಂದ ಬ್ಯಾಟರಿಯೆಂದು ನಮೂದಿಸದೆ ‘ಕ್ಯಾಮೆರಾ ಬಿಡಿಭಾಗ’ ಎಂದಷ್ಟೇ ಬರೆದು ಕೊರಿಯರ್‌ಗೆ ಕೊಡುವ ರೂಢಿ ಇರುವವರು ಅದನ್ನು ಕೈಬಿಟ್ಟು, ರಸ್ತೆ ಸಾಗಣೆಯನ್ನು ಸ್ಪಷ್ಟವಾಗಿ ಕೇಳಿ ರಸೀದಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.