ಕಪ್ಪು ಕೊನೆಗೆ ಬರುತ್ತದೆ: ಬೀದರಿನ ಬಿದ್ರಿ ಗಲ್ಲಿ

ಕಲಬುರಗಿಯ ಜೇವರ್ಗಿ ಕಾಲೋನಿಯಂಥ ಬಡಾವಣೆಗಳ ಮನೆಗಳಲ್ಲಿ ಷೋಕೇಸಿನ ಗಾಜಿನ ಹಿಂದೆ ಒಂದು ಬಿದ್ರಿ ಹೂದಾನಿಯೋ ಡಬ್ಬಿಯೋ ಕಂಡರೆ ಯಾರೂ ಅಚ್ಚರಿಪಡುವುದಿಲ್ಲ. ನಿವೃತ್ತಿಯ ದಿನ ಕಚೇರಿಯವರು ಕೊಟ್ಟದ್ದು, ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಸನ್ಮಾನದ ಶಾಲಿನ ಜತೆ ಸಿಕ್ಕದ್ದು. ಕಪ್ಪು ಮೈ, ಬೆಳ್ಳಿ ಬಳ್ಳಿ. ಅದನ್ನು ಒರೆಸಿ ಇಟ್ಟವರು ಬಹಳ, ಅದು ಹುಟ್ಟುವುದನ್ನು ಕಂಡವರು ಕಡಿಮೆ. ಹುಟ್ಟುವ ಜಾಗವಾದರೂ ದೂರವಿಲ್ಲ. ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಬೀದರ್.

ರಸ್ತೆಯಲ್ಲಿ ಹೋದರೆ ಕಮಲಾಪುರ, ಹುಮನಾಬಾದ್ ದಾಟಿ ಬೀದರ್. 2017ರ ಅಕ್ಟೋಬರ್‌ನಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗವೂ ಉದ್ಘಾಟನೆಯಾಯಿತು. ಸುಮಾರು 110 ಕಿ.ಮೀ. ಹಳಿ. ಈ ದಾರಿಗೆ ಇನ್ನೊಂದು ಹೆಚ್ಚಳವಿದೆ. ಕಲಬುರಗಿಯ ತೊಗರಿ ಬೇಳೆ, ಕಮಲಾಪುರದ ಕೆಂಪು ಬಾಳೆ, ಬೀದರಿನ ಬಿದ್ರಿ: ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಬಿದ್ರಿಗೆ ಅದು ಸಿಕ್ಕಿದ್ದು 2006ರಲ್ಲಿ. ತೊಗರಿ, ಬಾಳೆಗೆ ಊರಿನ ಮಣ್ಣು ಬೇಕೆಂದರೆ ಯಾರೂ ಒಪ್ಪುತ್ತಾರೆ. ಲೋಹದ ಪಾತ್ರೆಗೂ ಊರಿನ ಮಣ್ಣೇ ಬೇಕು ಎಂಬುದು ಬೀದರಿಗೆ ಹೋದ ಮೇಲೆ ತಿಳಿಯುವ ಸಂಗತಿ.

ಚೌಬಾರಾದ ಸುತ್ತ

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ. ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿ ಇಲ್ಲಿಯವರಿಗೆ ಈ ವಿದ್ಯೆ ಕಲಿಸಿದ ಎಂದು ಕಸುಬಿನವರ ಪರಂಪರೆ ಹೇಳುತ್ತದೆ. ಹಳೇ ಬೀದರಿನ ನಡುವೆ ನಿಂತಿರುವ ದುಂಡನೆಯ ಕಾವಲು ಗೋಪುರ ಚೌಬಾರಾ. ಅಲ್ಲಿಂದ ಕೋಟೆಯ ಕಡೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಸಿಗುತ್ತದೆ. ಚೌಬಾರಾದ ಸುತ್ತಲ ಓಣಿಗಳಲ್ಲಿ, ಸಿದ್ದೀಕ್ ತಾಲೀಮಿನ ಕಡೆ ತಿರುಗಿದರೆ, ಬಿದ್ರಿ ಅಂಗಡಿಗಳು ಕಾಣುವ ಮೊದಲೇ ಸುತ್ತಿಗೆಯ ಸಣ್ಣ ಟಕಟಕ ಕಿವಿಗೆ ಬೀಳುತ್ತದೆ.

ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ. ಒಬ್ಬರು ಅರ ಉಜ್ಜುತ್ತಿದ್ದರೆ ಇನ್ನೊಬ್ಬರು ಉಳಿ ಹಿಡಿದಿರುತ್ತಾರೆ. ಎರಕ ಹೊಯ್ಯುವವರು ಬೇರೆ, ಚಿತ್ರ ಬರೆಯುವವರು ಬೇರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ. ಒಂದು ಹೂದಾನಿ ಇಷ್ಟು ಜನರ ಕೈ ದಾಟಿ ಬಂದಿರುತ್ತದೆ. ಈ ಕಸುಬಿನ ಹಿರಿಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಮೊದಲು, 2011ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದಲ್ಲಿ ಸಾಗಿದ ಕರ್ನಾಟಕದ ಸ್ತಬ್ಧಚಿತ್ರಕ್ಕೆ ಬಿದ್ರಿಯೇ ವಿಷಯವಾಗಿತ್ತು.

ಮೊದಲು ಮಣ್ಣಿನ ಅಚ್ಚು

ಮೂಲ ಲೋಹ ಸತು. ಸಾಮಾನ್ಯವಾಗಿ 16 ಭಾಗ ಸತುವಿಗೆ 1 ಭಾಗ ತಾಮ್ರ. ಜರಡಿ ಹಿಡಿದ ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಅಚ್ಚು ಕಟ್ಟುತ್ತಾರೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ದೊಡ್ಡ ಕುಲುಮೆ ಬೇಕಿಲ್ಲ. ಆದರೆ ಕಾವು ಮಿತಿಮೀರಿದರೆ ಅದು ಆವಿಯಾಗಿ, ಉರಿದು, ಬಿಳಿ ಹೊಗೆಯಾಗುತ್ತದೆ. ಅದಿರಿನಿಂದ ಸತು ತೆಗೆಯುವುದು ಜಗತ್ತಿಗೆ ಬಹುಕಾಲ ಕಷ್ಟವಾಗಿದ್ದದ್ದೂ ಇದೇ ಆವಿಯ ಕಾರಣದಿಂದ. ಆ ವಿದ್ಯೆಯಲ್ಲಿ ಹಳೆಯ ಹೆಸರು ರಾಜಸ್ಥಾನದ ಜಾವರ್ ಗಣಿಯದು.

ಅಚ್ಚಿನಿಂದ ಹೊರಬಂದ ಪಾತ್ರೆ ಮಂಕು ಬೂದು ಬಣ್ಣದ, ಒರಟು ಮೈಯ ವಸ್ತು. ಅದನ್ನು ಅರದಿಂದ ಉಜ್ಜಿ, ಮರಳು ಕಾಗದದಿಂದ ನಯಮಾಡುತ್ತಾರೆ. ಬಳಿಕ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಇದು ಕೊನೆಯ ಕಪ್ಪಲ್ಲ. ಚೂಪು ಮೊನೆಯಿಂದ ಗೀಚಿದ ಚಿತ್ರ ಕಣ್ಣಿಗೆ ಕಾಣಲಿ ಎಂದಷ್ಟೇ. ಬಳ್ಳಿ, ಅಫೀಮು ಹೂ, ನಕ್ಷತ್ರ, ಅಶರ್ಫಿ ಬೂಟಿ ಎಲ್ಲವೂ ಕೈಯಿಂದಲೇ ಮೂಡುತ್ತವೆ.

ಕಾಣದ ಬೆಳ್ಳಿ

ಗೀಚಿದ ಗೆರೆಯ ಮೇಲೆ ಉಳಿ ನಡೆಸಿ ತೋಡುತ್ತಾರೆ. ಆ ತೋಡಿನೊಳಗೆ ಶುದ್ಧ ಬೆಳ್ಳಿಯ ತಂತಿ ಇಟ್ಟು ಮೆಲ್ಲಗೆ ಬಡಿದರೆ ಅದು ತಾರಕಶಿ. ತಂತಿಯ ಬದಲು ಬೆಳ್ಳಿಯ ತಗಡು ಕತ್ತರಿಸಿ ಕೂರಿಸಿದರೆ ತೈನಿಶಾನ್. ಅಂಟಿಲ್ಲ, ಬೆಸುಗೆಯಿಲ್ಲ, ತೋಡಿನ ಅಂಚೇ ಬೆಳ್ಳಿಯನ್ನು ಕಚ್ಚಿ ಹಿಡಿಯಬೇಕು. ತೋಡು ಆಳವಿಲ್ಲದಿದ್ದರೆ ಬೆಳ್ಳಿ ಎದ್ದು ಬರುತ್ತದೆ. ಆಳ ಹೆಚ್ಚಾದರೆ ಬೆಳ್ಳಿ ವ್ಯರ್ಥ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಈ ಗಲ್ಲಿಯ ಲೆಕ್ಕಾಚಾರ ಬದಲಾಗುವುದು ಇದರಿಂದಲೇ.

ನೋಡಲು ಬಂದವರು ಬೆರಗಾಗುವುದು ಮುಂದಿನ ಹಂತದಲ್ಲಿ. ಬೆಳ್ಳಿ ಕೂರಿಸಿದ ಮೇಲೆ ಪಾತ್ರೆಯನ್ನು ಮತ್ತೆ ಉಜ್ಜಿ ಹೊಳಪು ಕೊಡುತ್ತಾರೆ. ಆಗ ಮೈಲುತುತ್ತದ ಕಪ್ಪು ಹೋಗುತ್ತದೆ, ಸತು ಬೆಳ್ಳಗೆ ಮಿನುಗುತ್ತದೆ, ಬೆಳ್ಳಿಯೂ ಮಿನುಗುತ್ತದೆ. ಎರಡೂ ಬೆರೆತು ಚಿತ್ರ ಮಾಯ! ದಿನಗಟ್ಟಲೆ ಬಾಗಿ ಕೂತು ತೋಡಿದ ಬಳ್ಳಿ ಎಲ್ಲಿದೆ ಎಂದು ಬೆಳಕಿಗೆ ಓರೆಯಾಗಿ ಹಿಡಿದು ಹುಡುಕಬೇಕು.

ಕೋಟೆಯ ಮಣ್ಣು

ಚಿತ್ರವನ್ನು ಮರಳಿ ತರುವುದು ಬೀದರ್ ಕೋಟೆಯ ಮಣ್ಣು. ಬಿಸಿಲು, ಮಳೆ ತಾಗದೆ ಬಹುಕಾಲ ಉಳಿದ ಹಳೇ ಗೋಡೆ, ಕತ್ತಲ ಕೋಣೆಗಳ ಮಣ್ಣನ್ನೇ ಆರಿಸುತ್ತಾರೆ. ಅನುಭವಿಗಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡು ರುಚಿಯಿಂದಲೇ ಪರೀಕ್ಷಿಸುತ್ತಾರೆ. ಅದನ್ನು ನವಸಾಗರದೊಂದಿಗೆ ನೀರಲ್ಲಿ ಕಲಸಿ, ಬೆಚ್ಚಗಾದ ಪಾತ್ರೆಗೆ ಬಳಿಯುತ್ತಾರೆ. ಕ್ಷಣಗಳಲ್ಲಿ ಮೈಯೆಲ್ಲ ಕಾಡಿಗೆ ಕಪ್ಪು. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿದು, ಕಳೆದುಹೋಗಿದ್ದ ಬಳ್ಳಿ ಒಮ್ಮೆಲೇ ಎದ್ದು ಬರುತ್ತದೆ. ಮೇಲೆ ಎಣ್ಣೆಯ ಕೈ ಆಡಿಸಿದರೆ ಕಪ್ಪು ಇನ್ನಷ್ಟು ಗಾಢ.

ಇದರ ಹಿಂದೆ ರಸಾಯನಶಾಸ್ತ್ರವಿದೆ. ಹಳೇ ಕಟ್ಟಡಗಳ ಮಣ್ಣಿನಲ್ಲಿ ನೈಟ್ರೇಟ್ ಲವಣ ಸೇರಿರುತ್ತದೆ. ಅದೂ ನವಸಾಗರವೂ ಕೂಡಿ ಮೇಲ್ಮೈಯ ಸತುವನ್ನು ಕರಗಿಸುತ್ತವೆ. ಉಳಿದ ತಾಮ್ರದ ಅಂಶವೇ ತೆಳು ಕಪ್ಪು ಪದರವಾಗಿ ನಿಲ್ಲುತ್ತದೆ. ಎಂದರೆ ಎರಕದ ದಿನ ಬೆರೆಸಿದ ಆ ಒಂದು ಪಾಲು ತಾಮ್ರದ ಕೆಲಸ ಕೊನೆಯ ದಿನ ಗೊತ್ತಾಗುತ್ತದೆ. ಬರೀ ಸತುವಾಗಿದ್ದರೆ ಈ ಕಪ್ಪಿಲ್ಲ, ಈ ಕಪ್ಪಿಲ್ಲದಿದ್ದರೆ ಬಿದ್ರಿಯಿಲ್ಲ.

ಜಪಾನಿನ ಲೋಟ, ಬೀದರಿನ ಬಟ್ಟಲು

ಕೈಯಾರೆ ಮಾಡಿ ನೋಡುವ ಪ್ರವಾಸ ಈಗ ಜಗತ್ತಿನಲ್ಲೆಲ್ಲ ಇದೆ. ಜಪಾನಿನ ತೊಯಾಮಾ ಪ್ರಾಂತ್ಯದ ತಕಾವೊಕಾ ಎರಕದ ಊರು. 1611ರಲ್ಲಿ ಮಾಯೆದಾ ತೊಶಿನಾಗ ಎಂಬ ಪ್ರಭು ಏಳು ಮಂದಿ ಎರಕದವರನ್ನು ಅಲ್ಲಿನ ಕನಾಯಾಮಾಚಿಗೆ ಕರೆಸಿ ನೆಲೆಗೊಳಿಸಿದ. ಇಂದು ಅಲ್ಲಿಯ ನೋಸಾಕು ಕಾರ್ಖಾನೆಯಲ್ಲಿ ಪ್ರವಾಸಿಗರು ಮರಳಿನಲ್ಲಿ ಅಚ್ಚು ಒತ್ತಿ, ತವರದ ಪುಟ್ಟ ಸಾಕೆ ಬಟ್ಟಲು ಎರಕ ಹೊಯ್ಯಿಸಿಕೊಂಡು ಅದೇ ದಿನ ಒಯ್ಯಬಹುದು. ತವರ ಕೇವಲ 232 ಡಿಗ್ರಿಗೆ ಕರಗುವುದರಿಂದ ಇದು ಸಾಧ್ಯ.

ಅಲ್ಲಿಯೂ ಇಲ್ಲಿಯೂ ಮೊದಲ ಹೆಜ್ಜೆ ಒಂದೇ: ಅಚ್ಚು ಕಟ್ಟು, ಲೋಹ ಹೊಯ್ಯಿ. ಅಲ್ಲಿ ಎರಕ ಮುಗಿದು ಅಂಚು ತಿದ್ದಿದರೆ ಬಟ್ಟಲು ಸಿದ್ಧ. ಇಲ್ಲಿ ಎರಕ ಮುಗಿದಾಗ ಕೆಲಸ ಶುರು. ಹಾಗಾಗಿ ಬೀದರಿನಲ್ಲಿ ಒಂದೇ ದಿನದಲ್ಲಿ ಬಿದ್ರಿ ಬಟ್ಟಲು ಮಾಡಿ ಒಯ್ಯುತ್ತೇನೆ ಎಂದು ಹೊರಡುವುದು ಸರಿಯಲ್ಲ. ಕೇಳಿಕೊಂಡರೆ ಚೂರು ತಗಡಿನ ಮೇಲೆ ಉಳಿ ಹಿಡಿದು ನೋಡಬಹುದು. ನೇರ ಗೆರೆಯೊಂದನ್ನು ತೋಡುವುದು ಎಷ್ಟು ಕಷ್ಟ ಎಂದು ಕೈಗೆ ಗೊತ್ತಾದರೆ ಅಂಗಡಿಯಲ್ಲಿ ಬೆಲೆ ಚೌಕಾಸಿ ಮಾಡುವ ನಾಲಿಗೆ ತಾನಾಗಿ ತಗ್ಗುತ್ತದೆ.

ಬಳಕೆಯಲ್ಲೂ ವ್ಯತ್ಯಾಸವಿದೆ. ತವರದ ಬಟ್ಟಲಿನಲ್ಲಿ ಕುಡಿಯುತ್ತಾರೆ. ಬಿದ್ರಿಯ ಮೂಲ ಸತು. ಹುಳಿ ತಾಗಿದರೆ ಕರಗುತ್ತದೆ. ಹಿಂದಿನವರು ಬಿದ್ರಿಯಲ್ಲಿ ಹುಕ್ಕಾದ ತಳ, ಪಾನದಾನ್, ತಟ್ಟೆ ಮಾಡಿಸಿದರು. ಇಂದು ಬಿದ್ರಿ ಬಟ್ಟಲು ತಂದರೆ ಅದು ಅಲಂಕಾರಕ್ಕೆ. ಮಜ್ಜಿಗೆ, ನಿಂಬೆಹಣ್ಣಿನ ಶರಬತ್ತಿಗೆ ಅಲ್ಲ.

ಹೋಗುವವರಿಗೆ

ಗಲ್ಲಿಗೆ ಹೋಗುವ ಮುನ್ನ ಕೋಟೆಯೊಳಗಿನ ರಂಗೀನ್ ಮಹಲ್ ನೋಡಿ. ಬರೀದ್ ಶಾಹಿ ಅರಸ ಅಲೀ ಬರೀದ್ (1542–1580) ಕಾಲದ ಅಲ್ಲಿನ ಕಪ್ಪು ಶಿಲೆಯಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕಪ್ಪಿನಲ್ಲಿ ಬಿಳಿ ಕೂರಿಸುವ ಇದೇ ರೂಢಿ ಕಲ್ಲಿನಲ್ಲೂ ನಡೆದದ್ದು ಕಾಣುತ್ತದೆ. ಬಾಗಿಲಿಗೆ ಬೀಗವಿದ್ದರೆ ಕಾವಲಿನವರನ್ನು ಕೇಳಬೇಕಾಗುತ್ತದೆ. ಅಲ್ಲಿಂದ ಗವಾನ್ ಮದರಸಾ, ಚೌಬಾರಾ, ಆಮೇಲೆ ಗಲ್ಲಿ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಹೋದರೆ ಒಳ್ಳೆಯದು. ಫೋಟೊ ತೆಗೆಯುವ ಮುನ್ನ ಕೇಳಿ. ಕೊಳ್ಳುವಾಗ ಬೆಳ್ಳಿಗೆರೆಯ ಮೇಲೆ ಬೆರಳಾಡಿಸಿ. ಅಂಚು ತಡೆಯಬಾರದು, ನುಣ್ಣಗೆ ಜಾರಬೇಕು. ಮನೆಯಲ್ಲಿ ಹುಣಸೆಹಣ್ಣು, ಪಾತ್ರೆ ತೊಳೆಯುವ ಪುಡಿ ಹಚ್ಚಬೇಡಿ, ಕಪ್ಪು ಎದ್ದುಹೋಗುತ್ತದೆ. ಮಂಕಾದರೆ ಮೆತ್ತನೆ ಬಟ್ಟೆಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಸಾಧ್ಯವಾದರೆ ಅಂಗಡಿಯವರನ್ನು ಕೇಳಿ, ಮಣ್ಣು ಹಚ್ಚುವ ಹೊತ್ತಿಗೇ ಹೋಗಿ. ಖರೀದಿ ಯಾವ ಊರಲ್ಲಾದರೂ ಆದೀತು, ಕಪ್ಪು ಏರುವ ಆ ಗಳಿಗೆಯನ್ನು ನೋಡಲು ಬೀದರಿಗೇ ಬರಬೇಕು.