ನೀರು ಮುಂದಕ್ಕೆ, ಡ್ರಮ್ಮು ಹಿಂದಕ್ಕೆ

ರಾಮಮೂರ್ತಿ ನಗರದ ಕಡೆಯ ಬೀದಿಗಳಲ್ಲಿ ಟ್ಯಾಂಕರಿನ ದಾರಿ ಕಾಯುವುದೂ, ಬಾಗಿಲ ಬಳಿ ಡ್ರಮ್ಮುಗಳನ್ನು ಸಾಲಾಗಿ ಇಡುವುದೂ ಹೊಸದೇನಲ್ಲ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿದಾಗಲಂತೂ ಒಂದು ಡ್ರಮ್ಮು ನೀರು ಮಗುಚಿತೆಂದರೆ ಮನೆಮಂದಿಯ ಒಂದು ದಿನದ ಸ್ನಾನ, ಅಡಿಗೆ ಎರಡೂ ಮಣ್ಣುಪಾಲಾದಂತೆ. ಡ್ರಮ್ಮು ಉರುಳಿದ ಕೂಡಲೇ ನಾವು ಮಕ್ಕಳನ್ನು ಗದರುತ್ತೇವೆ. ಕೆಲವು ವೇಳೆ ತಪ್ಪು ನೀರಿನದೇ ಆಗಿರುತ್ತದೆ.

ಹೊರಗೆ ಚಿಮ್ಮುವ ನೀರು ತಾನು ಬಿಟ್ಟುಬಂದ ಪಾತ್ರೆಯನ್ನು ಹಿಂದಕ್ಕೆ ನೂಕುತ್ತದೆ. ಇದನ್ನು ನೀವೇ ನೋಡಬಹುದು. ಹಳೆಯ ಡಬ್ಬವೊಂದರ ನಡು ಎತ್ತರಕ್ಕೆ ಮೊಳೆಯಿಂದ ತೂತು ಮಾಡಿ, ಬೆರಳಿನಿಂದ ಮುಚ್ಚಿ, ನೀರು ತುಂಬಿ, ದಾರದಿಂದ ತೂಗುಹಾಕಿ. ಬೆರಳು ತೆಗೆದೊಡನೆ ಧಾರೆ ಇತ್ತ ಹಾರುತ್ತದೆ. ಡಬ್ಬ ಅತ್ತ ಸರಿದು ನಿಲ್ಲುತ್ತದೆ.

ಕಾರಣ ಸರಳ. ತುಂಬಿದ ಡಬ್ಬದಲ್ಲಿ ನೀರು ಎದುರುಬದುರು ಗೋಡೆಗಳನ್ನು ಸಮವಾಗಿ ಒತ್ತುತ್ತಿರುತ್ತದೆ. ತೂತು ಬಿದ್ದಲ್ಲಿ ಒತ್ತಿಸಿಕೊಳ್ಳಲು ಗೋಡೆಯೇ ಇಲ್ಲ. ಎದುರುಗೋಡೆಯ ಮೇಲಿನ ಒತ್ತು ಮಾತ್ರ ಉಳಿಯಿತು. ಅಷ್ಟೇ ಅಲ್ಲ, ತೂತಿನತ್ತ ಧಾವಿಸುವ ನೀರು ಅದರ ಸುತ್ತಲ ಗೋಡೆಯನ್ನೂ ಮೊದಲಿನಷ್ಟು ಒತ್ತದು. ಎರಡೂ ಕೂಡಿ, ಹಿಂದೊತ್ತು ಧಾರೆಯಷ್ಟೇ ದಪ್ಪದ, ತೂತಿನಿಂದ ನೀರಿನ ಮಟ್ಟದವರೆಗೆ ನಿಂತ ನೀರುಕಂಬದ ಎರಡರಷ್ಟು ತೂಕಕ್ಕೆ ಸಮವಾಗುತ್ತದೆ. ಡೇನಿಯಲ್ ಬರ್ನೂಲಿ ೧೭೩೮ರಷ್ಟು ಹಿಂದೆಯೇ ಈ ಲೆಕ್ಕ ಹಾಕಿ, ಇದೇ ಬಲದಿಂದ ಹಡಗು ನಡೆಸಬಹುದೆಂದು ಸೂಚಿಸಿದ್ದನು. ನಮ್ಮವರು ಅದೇ ಬಲವನ್ನು ಬೆಂಕಿಯಿಂದ ಪಡೆದರು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳು ದೊರೆತುವಷ್ಟೆ. ಆ ಕಬ್ಬಿಣದ ಕೊಳವೆಗಳಲ್ಲಿ ಧಾರೆ ಬಿಸಿ ಅನಿಲದ್ದು.

ಪಾತ್ರೆ ಉರುಳುವುದಕ್ಕೆ ಒತ್ತು ಒಂದೇ ಸಾಲದು. ಅದು ಎಷ್ಟು ಎತ್ತರದಲ್ಲಿ ಬಿತ್ತೆಂಬುದೂ ಬೇಕು. ತೂತು ಬುಡದಲ್ಲಿದ್ದರೆ ಒತ್ತು ಹೆಚ್ಚು, ಎತ್ತರ ಇಲ್ಲ. ಮೇಲಿದ್ದರೆ ಎತ್ತರವುಂಟು, ಒತ್ತಿಲ್ಲ. ಇವೆರಡರ ಗುಣಲಬ್ಧ ಅತಿ ಹೆಚ್ಚಾಗುವುದು ನಟ್ಟನಡುವೆ. ಧಾರೆ ಅತಿ ದೂರಕ್ಕೆ ಹಾರುವುದೂ ಅಲ್ಲಿಂದಲೇ ಎಂಬುದು ಸೊಗಸಾದ ಸಂಗತಿ.

ಇನ್ನು ನಿಮ್ಮ ಬಾಗಿಲ ಡ್ರಮ್ಮಿಗೆ ಬರೋಣ. ೨೦೦ ಲೀಟರ್ ನೀರು. ಬುಡದಿಂದ ೧೦ ಸೆಂಟಿಮೀಟರ್ ಮೇಲೆ ನಲ್ಲಿ. ಅದರ ಮೇಲೆ ೭೫ ಸೆಂಟಿಮೀಟರ್ ನೀರು. ಧಾರೆ ಒಂದು ಚದರ ಸೆಂಟಿಮೀಟರ್ ದಪ್ಪವಿದ್ದು ನೇರ ಮುಂದಕ್ಕೆ ಹಾರಿದರೂ ಹಿಂದೊತ್ತು ೧೫೦ ಗ್ರಾಮ್ ತೂಕದಷ್ಟು. ೨೦೦ ಕಿಲೋಗ್ರಾಮಿಗೆ ಇದು ನೊಣ ಕೂತಂತೆ! ಆದುದರಿಂದ ತುಂಬಿದ ಡ್ರಮ್ಮು ನಲ್ಲಿಯ ಕಡೆಗೇ ಉರುಳಿದರೆ ಧಾರೆಯನ್ನು ದೂರಬೇಡಿ. ಧಾರೆ ನೂಕುವುದು ಹಿಂದಕ್ಕೆ. ಅಲ್ಲಿ ನೋಡಬೇಕಾದದ್ದು ನೆಲವನ್ನು. ದಿನವೂ ಸುರಿದ ನೀರು ಮುಂದಿನ ಇಟ್ಟಿಗೆಯ ಕೆಳಗಿನ ಮಣ್ಣನ್ನು ಕೊರೆದಿರುತ್ತದೆ. ಅಲ್ಲೊಂದು ಚಪ್ಪಡಿ ಹಾಸಿ ನೀರನ್ನು ಮೋರಿಗೆ ಹರಿಯಬಿಟ್ಟರೆ ಮಣ್ಣು ಉಳಿಯುತ್ತದೆ.

ಖಾಲಿ ಡ್ರಮ್ಮಿನ ಕಥೆ ಬೇರೆ. ಟ್ಯಾಂಕರಿನವನು ಎರಡು ಇಂಚಿನ ಪೈಪಿನ ಮೂತಿಯನ್ನು ಡ್ರಮ್ಮಿನ ಬಾಯಿಗೆ ಅಡ್ಡಲಾಗಿ ಹಿಡಿದನೆನ್ನಿ. ಸೆಕೆಂಡಿಗೆ ೪ ಮೀಟರ್ ವೇಗದಲ್ಲಿ ಸುಮಾರು ೮ ಲೀಟರ್ ನೀರು ಎದುರುಗೋಡೆಗೆ ಅಪ್ಪಳಿಸುತ್ತದೆ. ಆ ಒತ್ತು ೩ ಕಿಲೋಗ್ರಾಮಿಗೂ ಮಿಗಿಲು, ಅದೂ ೮೦ ಸೆಂಟಿಮೀಟರ್ ಎತ್ತರದಲ್ಲಿ; ಉರುಳಿಸುವ ಬಲ ಸುಮಾರು ೨೫೦ ಪಾಲು. ಪ್ಲಾಸ್ಟಿಕ್ ಡ್ರಮ್ಮಿನ ತೂಕ ೮ ಕಿಲೋಗ್ರಾಮ್, ಅರ್ಧ ಅಗಲ ೨೮ ಸೆಂಟಿಮೀಟರ್. ತಡೆಯುವ ಬಲ ೨೨೪ ಪಾಲು ಮಾತ್ರ. ಇಟ್ಟಿಗೆ ಆಚೆ ಬದಿಗೆ ತುಸು ತಗ್ಗಿದ್ದರೆ ಕೇಳುವುದೇ ಬೇಡ, ಡ್ರಮ್ಮು ಪೈಪು ಹಿಡಿದವನಿಂದ ಆಚೆಗೆ ಮಗುಚುತ್ತದೆ.

ಈ ಅಪಾಯ ಇರುವುದು ಮೊದಲ ಒಂದೆರಡು ಸೆಕೆಂಡು ಮಾತ್ರ. ೮ ಲೀಟರ್ ತಳದಲ್ಲಿ ನಿಂತಿತೋ, ಡ್ರಮ್ಮಿನ ತೂಕ ಇಮ್ಮಡಿಯಾಯಿತು. ಪೈಪನ್ನು ಬುಡದವರೆಗೆ ಇಳಿಬಿಟ್ಟು ನೀರು ಬಿಡಿಸಿದರೆ ಒತ್ತೆಲ್ಲ ತಳಕ್ಕೆ ಹೋಗಿ ಡ್ರಮ್ಮು ಅಲುಗದು. ಟ್ಯಾಂಕರಿನವನಿಗೆ ಅವಸರವಿದ್ದರೂ, ಆ ಎರಡು ಸೆಕೆಂಡು ಡ್ರಮ್ಮಿನ ಆಚೆ ಬದಿಗೆ ಮಕ್ಕಳು ನಿಲ್ಲದಂತೆ ನೋಡಿಕೊಳ್ಳಿ.