ಮಳೆಯ ಲೆಕ್ಕ ಬರೆಯುವ ಮಕ್ಕಳು

ನಿನ್ನೆ ಮಳೆ ಎಷ್ಟಾಯಿತೆಂದು ಮತ್ತಿಕೆರೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ‘ಭಾರಿ ಮಳೆ’ ಎನ್ನುತ್ತಾರೆ, ಇನ್ನೊಬ್ಬರು ‘ನೆಲ ನೆನೆಯುವಷ್ಟು’ ಎನ್ನುತ್ತಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆದರೆ ಈ ಮಾತುಗಳನ್ನು ಹೋದ ವರ್ಷದ ಮಳೆಯೊಡನೆ ಹೋಲಿಸಲು ಬಾರದು. ಹೋಲಿಕೆಗೆ ಅಳತೆ ಬೇಕು. ಅಳತೆ ಉಳಿಯಲು ಬರಹ ಬೇಕು.

೨೦೨೪ರ ಜೂನ್ ೨ರಂದು ಬೆಂಗಳೂರಿನಲ್ಲಿ ೧೧೧.೧ ಮಿಲಿಮೀಟರ್ ಮಳೆಯಾಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ೧೩೩ ವರ್ಷಗಳ ದಾಖಲೆ ಮುರಿಯಿತೆಂದು ಪತ್ರಿಕೆಗಳು ಬರೆದವು. ಇದು ತಿಳಿದದ್ದು ಹೇಗೆ? ೧೮೯೧ರ ಜೂನ್ ೧೬ರಂದು ೧೦೧.೬ ಮಿಲಿಮೀಟರ್, ಎಂದರೆ ಸರಿಯಾಗಿ ನಾಲ್ಕು ಅಂಗುಲ ಮಳೆ ಬಿದ್ದದ್ದು ಬರಹದಲ್ಲಿ ಉಳಿದಿತ್ತು. ಬರೆದವರಿಗೆ ಮುಂದಿನ ಶತಮಾನಗಳ ಪ್ರಶ್ನೆ ಗೊತ್ತಿರಲಿಲ್ಲ. ದಿನವನ್ನೂ ಅಳತೆಯನ್ನೂ ಇದ್ದಂತೆ ಬರೆದರು, ಅಷ್ಟೇ.

ಇದೇ ಕೆಲಸವನ್ನು ಶಾಲೆಯ ಮಕ್ಕಳೂ ಮಾಡಬಹುದು. ಬದಿಗಳು ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ಆಲಿಕೆಯಂತೆ ಬೋರಲಾಗಿ ಕೂಡಿಸಿದರೆ ಮಳೆಮಾಪಕ ಸಿದ್ಧ. ತಳ ಉಬ್ಬುತಗ್ಗಾಗಿರುವುದರಿಂದ ಒಂದಿಷ್ಟು ಬೆಣಚುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿ, ಮರ ಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ಇಡತಕ್ಕದ್ದು. ಹವಾಮಾನ ಇಲಾಖೆಯವರಂತೆ ದಿನವೂ ಬೆಳಿಗ್ಗೆ ಎಂಟೂವರೆಗೆ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಬಳಿಕ ನೀರನ್ನು ಸೊನ್ನೆಯ ಗೆರೆಗೆ ಇಳಿಸಬೇಕು.

ಪುಸ್ತಕದಲ್ಲಿ ಐದು ಅಂಕಣಗಳು ಸಾಕು: ದಿನಾಂಕ, ವೇಳೆ, ಮಿಲಿಮೀಟರ್, ಓದಿದವರ ಹೆಸರು, ಷರಾ. ಭಾನುವಾರ ಶಾಲೆಗೆ ರಜವಾದರೆ ಸೋಮವಾರದ ನೀರು ಎರಡು ದಿನದ್ದು. ಷರಾದಲ್ಲಿ ಹಾಗೆಂದೇ ಬರೆಯಬೇಕು. ಮಳೆ ಬಾರದ ದಿನಕ್ಕೆ ಸೊನ್ನೆ. ಅಳೆಯಲಾಗದ ದಿನಕ್ಕೆ ಸೊನ್ನೆಯಲ್ಲ, ಅಡ್ಡಗೆರೆ.

ಈ ಅಡ್ಡಗೆರೆ ಬಹಳ ಮುಖ್ಯ. ಮಂಗಳವಾರ ೦, ಬುಧವಾರ ೧೨, ಗುರುವಾರ ಬಾಟಲಿ ಉರುಳಿತ್ತು, ಶುಕ್ರವಾರ ೪, ಶನಿವಾರ ೨೪ ಎಂದಿಟ್ಟುಕೊಳ್ಳಿ. ಮೊತ್ತ ೪೦. ಅಳತೆ ಸಿಕ್ಕ ನಾಲ್ಕು ದಿನಗಳಿಗೆ ಸರಾಸರಿ ೧೦. ಗುರುವಾರವನ್ನು ಸೊನ್ನೆಯೆಂದು ಎಣಿಸಿದರೆ ಸರಾಸರಿ ೮ಕ್ಕೆ ಇಳಿಯುತ್ತದೆ. ಬಾಟಲಿ ಉರುಳಿದ್ದೇ ಮಳೆ ಕಡಿಮೆಯಾದದ್ದಕ್ಕೆ ಕಾರಣವಾದಂತಾಯಿತು! ಇನ್ನೊಂದನ್ನೂ ಗಮನಿಸಬೇಕು: ೧೦ ಮಿಲಿಮೀಟರ್ ಮಳೆ ಯಾವ ದಿನವೂ ಬಿದ್ದಿಲ್ಲ, ಶನಿವಾರವೊಂದರ ಮಳೆಯೇ ಮೊತ್ತದ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಸರಾಸರಿಯ ಜೊತೆಗೆ ದಿನಕ್ಕೊಂದು ಕಂಬದಂತೆ ನಕ್ಷೆಯನ್ನೂ ಬರೆಸಬೇಕು. ಸರಾಸರಿ ಮರೆಮಾಡಿದ್ದನ್ನು ನಕ್ಷೆ ತೋರಿಸುತ್ತದೆ.

ಕಡೆಯದಾಗಿ ಉಪಾಧ್ಯಾಯರಿಗೂ ತಾಯಿತಂದೆಗಳಿಗೂ ಒಂದು ಮಾತು. ನಗರದಲ್ಲಿ ೧೫ ಮಿಲಿಮೀಟರ್ ಎಂದು ಪತ್ರಿಕೆಯಲ್ಲಿ ಬಂದಿದೆ, ಹುಡುಗಿಯ ಪುಸ್ತಕದಲ್ಲಿ ೭ ಎಂದಿದೆ ಎನ್ನೋಣ. ರಬ್ಬರು ಹುಡುಕುವ ಆಸೆ ಹುಟ್ಟುವುದು ಆಗಲೇ. ಗುಡುಗುಮಳೆ ಬಡಾವಣೆಯಿಂದ ಬಡಾವಣೆಗೆ ಬೇರೆಯಾಗುತ್ತದೆ. ಅರಮನೆ ರಸ್ತೆಯ ಹವಾಮಾನ ಕೇಂದ್ರದಲ್ಲಿ ಬಿದ್ದಷ್ಟೇ ಮತ್ತಿಕೆರೆಯಲ್ಲೂ ಬೀಳಬೇಕೆಂಬ ನಿಯಮವಿಲ್ಲ. ಬಾಟಲಿ ಓರೆಯಾಗಿತ್ತೇ, ಕೊಂಬೆ ಅಡ್ಡವಿತ್ತೇ ಎಂದು ಪರೀಕ್ಷಿಸಿ ಷರಾ ಬರೆಯಲಿ. ಬರೆಯುವಾಗ ಕೈತಪ್ಪಿದ್ದರೆ ಒಂದು ಗೆರೆ ಎಳೆದು, ಹಳೆಯ ಅಂಕಿ ಕಾಣುವಂತೆ ಉಳಿಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಲಿ. ಆದರೆ ಕಂಡ ೭ನ್ನು ಕಾಣದ ೧೫ ಮಾಡಬಾರದು.

‘ಸರಿಯುತ್ತರ’ಕ್ಕೆ ಹೊಂದಿದ ಅಂಕಿಗೇ ನಾವು ಅಂಕ ಕೊಟ್ಟರೆ ಮಕ್ಕಳು ಕಲಿಯುವುದು ನಕಲನ್ನೇ ಹೊರತು ವಿಜ್ಞಾನವನ್ನಲ್ಲ. ನಗರದ ೧೫ ಹೇಗೂ ಕೇಂದ್ರದ ಕಡತದಲ್ಲಿದೆ. ಆ ಶಾಲೆಯ ಅಂಗಳಕ್ಕೆ ಬಿದ್ದ ಮಳೆಯನ್ನು ಬಲ್ಲದ್ದು ಹುಡುಗಿಯ ೭ ಒಂದೇ. ಅದನ್ನು ಅಳಿಸಿದರೆ ಮತ್ತೆ ಎಲ್ಲಿಂದಲೂ ತರಲಾಗದು.